ಬಿಸಿ ಕೈ

ಕೊಹಿನೂರ್ ಕಟ್ಟಿದ ಉಂಡೆಗಳ ಸಸಿಗಳಷ್ಟೇ ಬಿದ್ದಿವೆ ಎಂದು ಸಖಿನಾ ಬಂದು ಹೇಳಿದಾಗ ನಾನು ಎಲೆಗೆ ಸುಣ್ಣ ಸವರುತ್ತಿದ್ದೆ. ಭಾದ್ರ ತಿಂಗಳ ಎರಡನೇ ವಾರ. ಬೆಳಗಾಗಿ ಹೆಚ್ಚು ಹೊತ್ತಾಗಿರಲಿಲ್ಲ, ಆಗಲೇ ಸೆಕೆಗೆ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು.

"ಎಷ್ಟು ಬಿದ್ದಿವೆ?" ಎಂದೆ.

"ಎಷ್ಟು ಅಂತ ಹೇಳ್ಲಿ ನಾನಿ? ಹೊಸ ಧಾಪದ ಈ ತುದಿಯಿಂದ ಆ ತುದಿವರೆಗೂ ಕೋಸಿನ ಸಸಿ ಮಲಗಿಬಿಟ್ಟಿದೆ. ಎಲ್ಲ ಅವಳು ಕಟ್ಟಿದ್ದೇ. ನನ್ನವು ನಿಂತಿವೆ, ಮೋಮೆನಾದು ನಿಂತಿವೆ. ನನ್ನ ಸೊಸೆ ಅಂತ ಮುಚ್ಚಿಡೋಕಾಗ್ತದಾ?"

ಮುಚ್ಚಿಡುವ ಮನಸ್ಸು ಅವಳಿಗೆ ಇದ್ದ ಹಾಗೆ ಕಾಣಲಿಲ್ಲ. ಕೊಹಿನೂರ್ ಮದುವೆಯಾಗಿ ಬರುವ ತನಕ ನಮ್ಮ ಜಗಲಿಯಲ್ಲಿ ಎಲ್ಲರಿಗಿಂತ ಬೇಗ ಉಂಡೆ ಕಟ್ಟುತ್ತಿದ್ದವಳು ಸಖಿನಾ. ಈ ಹುಡುಗಿ ಬಂದ ಮೂರನೇ ತಿಂಗಳಿಗೆ ಅವಳು ಎರಡನೆಯವಳಾದಳು.

ನಮ್ಮ ಜೌಗಿನಲ್ಲಿ ಆಷಾಢದಿಂದ ಕಾರ್ತಿಕದವರೆಗೆ ನೆಲ ಕಾಣುವುದಿಲ್ಲ, ತಗ್ಗಿನಲ್ಲಿ ಮಾಘದಲ್ಲೂ ಸೊಂಟದ ನೀರಿರುತ್ತದೆ. ಗಂಡಸರು ಅಂತರಗಂಗೆಯನ್ನು ಒಟ್ಟಿ ತುಳಿದು ನೀರಿನ ಮೇಲೆ ಉದ್ದನೆಯ ಹಾಸು ಕಟ್ಟುತ್ತಾರೆ. ಅದೇ ಧಾಪ. ಹೆಂಗಸರು ಜಗಲಿಯಲ್ಲಿ ಕೂತು ಕೊಳೆತ ಪಾಚಿಯನ್ನು ಹಿಂಡಿ, ಮುಷ್ಟಿಗಾತ್ರದ ಉಂಡೆ ಮಾಡಿ, ತೆಂಗಿನ ನಾರು ಸುತ್ತಿ, ಮೊಳಕೆ ಬಂದ ಬೀಜವನ್ನು ಅದರ ಹೊಟ್ಟೆಗೆ ಇಡುತ್ತೇವೆ. ನಾಲ್ಕು ದಿನ ನೆರಳಿನಲ್ಲಿದ್ದು ಎರಡೆಲೆ ಬಿಟ್ಟ ಮೇಲೆ ಉಂಡೆಗಳು ದೋಣಿ ಹತ್ತಿ ಧಾಪಕ್ಕೆ ಹೋಗುತ್ತವೆ. ಧಾಪಗಳೆಲ್ಲ ಹಾತೆಮ್ ಮೊಲ್ಲಾನವು. ಜಗಲಿ ನನ್ನದು. ಹನ್ನೆರಡು ಜನ ಹೆಂಗಸರು ಕೂರುತ್ತಾರೆ, ಎಲ್ಲರಿಗೂ ನಾನು ನಾನಿ, ಅಜ್ಜಿ.

ನಾರು ಸುತ್ತುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಸಖಿನಾ ಮೂರು ಸುತ್ತು ಸುತ್ತಿ ತುದಿಯನ್ನು ಒಳಗೆ ತುರುಕುತ್ತಾಳೆ. ಕೊಹಿನೂರ್ ಅಡ್ಡ ಒಂದು, ಉದ್ದ ಒಂದು ಸುತ್ತಿ, ತುದಿಯನ್ನು ಹಗ್ಗದ ಹಾಗೆ ಹೊಸೆದು ಬಿಡುತ್ತಾಳೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಯಾರ ಉಂಡೆ ಎಂದು ನಾನು ಹೇಳಬಲ್ಲೆ. ಆದ್ದರಿಂದ ಸಸಿ ಬಿದ್ದಾಗ ಅದು ಯಾರ ಕೈಯದು ಎನ್ನುವುದು ಗುಟ್ಟಾಗಿ ಉಳಿಯುವುದಿಲ್ಲ.

ಕೆಲವರದು ಬಿಸಿ ಕೈ ಎಂದು ನಮ್ಮಲ್ಲಿ ನಂಬಿಕೆ. ಅಂಥವರು ಮುಟ್ಟಿದ ಮೊಳಕೆಗೆ ಕುತ್ತಿಗೆ ಕೊಳೆ ಬರುತ್ತದೆ. ಸಂಜೆ ನೆಟ್ಟಗಿದ್ದ ಸಸಿಯ ಬುಡ ಬೆಳಿಗ್ಗೆ ನೀರು ತುಂಬಿ, ದಾರದಷ್ಟು ಸಣ್ಣಗಾಗಿ, ಎಲೆ ಹಸಿರಾಗಿರುವಾಗಲೇ ಸಸಿ ಮಗುಚಿಕೊಳ್ಳುತ್ತದೆ. ಹಾಗೆ ಒಬ್ಬಳ ಉಂಡೆಗಳೇ ಬಿದ್ದರೆ ಜಗಲಿಯ ಹಿರಿಯಳು ಶುಕ್ರವಾರ ಬೆಳಿಗ್ಗೆ ಎಲ್ಲರ ಎದುರು ಅವಳ ಎರಡೂ ಕೈ ಹಿಡಿದು ಬಿಸಿಯೋ ತಂಪೋ ಹೇಳಬೇಕು. ಬಿಸಿ ಎಂದರೆ ಅವಳು ಮತ್ತೆ ಬೀಜ ಮುಟ್ಟುವ ಹಾಗಿಲ್ಲ. ಸೊಂಟದ ನೀರಿನಲ್ಲಿ ನಿಂತು ಪಾಚಿ ಬಾಚುವ ಕೆಲಸ ಅವಳದು. ಆ ಮಾತಿಗೆ ಮರುಮಾತು ಇಲ್ಲ. ಜಿಗಣೆ, ಚರ್ಮ ಕೊಳೆತ ಕಾಲು, ಜಗಲಿಯ ಮಾತು ನಗೆಗಳಿಂದ ದೂರ, ಸಾಯುವ ತನಕ.

ಆ ಜಗಲಿಯ ಹಿರಿಯಳು ನಾನೇ.

ಕೊಹಿನೂರಳನ್ನು ಕರೆಸಿದೆ. ಮೆಟ್ಟಿಲಿನ ಕೆಳಗೆ ನಿಂತಳು, ಮೇಲೆ ಬರಲಿಲ್ಲ.

"ಏನ್ ಮಾಡ್ದೆ ಹೇಳು."

"ಎಲ್ಲರೂ ಮಾಡೋದೇ ಮಾಡಿದೀನಿ ನಾನಿ. ಅದೇ ಪಾಚಿ, ಅದೇ ಬೀಜ. ಕಳೆದ ತಿಂಗಳು ಸೋರೆ ಉಂಡೆ ಕಟ್ಟಿದ್ನಲ್ಲ, ಅವು ಒಂದೂ ಬೀಳ್ಲಿಲ್ಲ. ಆಗ ಇದೇ ಕೈ ತಾನೆ?"

"ಬಾಯಿ ನೋಡು" ಎಂದಳು ಸಖಿನಾ. "ಕೈಗಿಂತ ಬಾಯೇ ಬಿಸಿ."

"ನನ್ನನ್ನ ನೀರಿಗೆ ಇಳಿಸ್ತೀರಾ?" ಎಂದು ಕೊಹಿನೂರ್ ನನ್ನನ್ನೇ ಕೇಳಿದಳು. ಅವಳ ಹೆಬ್ಬೆರಳೂ ತೋರುಬೆರಳೂ ಕೈಯಲ್ಲಿಲ್ಲದ ನಾರನ್ನು ಹೊಸೆಯುತ್ತಿದ್ದವು.

"ಶುಕ್ರವಾರ ಇನ್ನೂ ಬಂದಿಲ್ಲ" ಎಂದೆ.

ಊಟವಾದ ಮೇಲೆ ಹಾತೆಮ್‌ನ ದೋಣಿಯಲ್ಲಿ ಧಾಪ ನೋಡಲು ಹೋದೆ. ನನಗೆ ಕಣ್ಣು ಅಷ್ಟಕ್ಕಷ್ಟೆ, ಬೆರಳು ಸರಿಯಾಗಿದೆ. ಹೊಸ ಧಾಪದ ಮೇಲೆ ಕೋಸಿನ ಸಸಿಗಳು ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ಮಲಗಿದ್ದವು. ಬುಡದಲ್ಲಿ ಜೇಡನ ಎಳೆಯಂಥ ಬಿಳಿ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ನಾರು ತಡವಿದೆ. ಎಲ್ಲ ಅಡ್ಡ ಒಂದು, ಉದ್ದ ಒಂದು.

"ಮೊನ್ನೆ ನಾಲ್ಕೇ ನಾಲ್ಕು ಬಿದ್ದಿದ್ವು ಚಾಚಿ" ಎಂದ ಹಾತೆಮ್. "ಕಂಡ ಕೂಡಲೇ ಧಾಪಾನ ಹಿಜಲ ಮರದ ನೆರಳಿಂದ ಬಿಸಿಲಿಗೆ ಎಳೆದೆ. ರಾತ್ರಿಗೆ ಒಣ ಅಂತರಗಂಗೆ ಹೊದಿಸ್ದೆ. ಅಪ್ಪ ಮಾಡ್ತಿದ್ದ ಹಾಗೇ ಮಾಡಿದೀನಿ, ಒಂದೂ ಬಿಟ್ಟಿಲ್ಲ. ಆದ್ರೂ ಮಾರನೇ ದಿನ ಇಷ್ಟಗಲ, ಅದರ ಮಾರನೇ ದಿನ ಪೂರ್ತಿ. ಆ ಹುಡುಗಿ ಕೈ ಅಲ್ಲದೆ ಇನ್ನೇನು?"

"ಕೋಸನ್ನ ಭಾದ್ರದಲ್ಲಿ ಯಾಕೆ ಇಟ್ಟೆ? ಮೊದಲೆಲ್ಲ ಕಾರ್ತಿಕಕ್ಕೆ ಇಡ್ತಿದ್ವಿ."

"ಈಗ ಎಲ್ಲರಿಗೂ ಕೋಸಿನ ಸಸಿ ಮೊದಲೇ ಬೇಕು. ಸಂತೆಗೆ ಬರೋ ದೋಣಿಯವರು ಕೋಸಿದೆಯಾ ಅಂತ್ಲೇ ಕೇಳೋದು."

ಮುಂದೆ ಹಳೆ ಧಾಪವಿತ್ತು. ಹೋದ ವರ್ಷದ್ದು, ಕೊಳೆತು ಕಪ್ಪಾಗಿ ಮಣ್ಣಿನ ಹಾಗೇ ಆಗಿಬಿಟ್ಟಿದ್ದು. ಅದರ ಮೇಲಿನ ಕೋಸು ನೆಟ್ಟಗಿತ್ತು. ನಾರು ತಡವಿದೆ. ಮೂರು ಸುತ್ತು, ತುದಿ ಒಳಗೆ. ಪಕ್ಕದ್ದು ಮೋಮೆನಾದು. ಕೊಹಿನೂರಳದು ಒಂದೂ ಇರಲಿಲ್ಲ.

"ಇದರಲ್ಲಿ ಅವಳದ್ದು ಯಾಕಿಲ್ಲ?"

"ಅವಳದ್ದು ಮೊದಲು ಮುಗೀತು ಚಾಚಿ. ಮೊದಲ ದೋಣಿ ಅವಳದ್ದೇ ತುಂಬ್ತು, ಹೊಸ ಧಾಪಕ್ಕೆ ಹಾಕ್ದೆ. ನಿಮ್ಮ ನಿಧಾನಸ್ಥರದ್ದು ಸಂಜೆ ಬಂತು, ಉಳಿದ ಜಾಗಕ್ಕೆ ಹಾಕ್ದೆ."

ಎರಡು ಧಾಪಗಳ ನಡುವಿನ ನೀರಿನಲ್ಲಿ ಫುಲಜಾನ್ ಪಾಚಿ ಬಾಚುತ್ತಿದ್ದಳು. ಸೊಂಟದ ಮೇಲಷ್ಟೇ ಕಾಣುತ್ತಿದ್ದಳು. ಮೂವತ್ತೆಂಟು ವರ್ಷದಿಂದ ಅವಳನ್ನು ನಾನು ಹೆಚ್ಚಾಗಿ ಸೊಂಟದ ಮೇಲಷ್ಟೇ ಕಂಡಿದ್ದೇನೆ.

"ಏನು ಹುಡುಕ್ತಿದೀಯ ಬುಬು?" ಎಂದಳು. ಅಕ್ಕ ಎಂದು ಕರೆಯುವುದನ್ನು ಅವಳು ಯಾವತ್ತೂ ಬಿಟ್ಟಿಲ್ಲ.

"ಇದು ಯಾಕೆ ಬಿತ್ತು, ಅದು ಯಾಕೆ ನಿಂತಿದೆ ಅಂತ."

"ಇಲ್ಲಿ ಇಳಿದು ನಿಂತ್ಕೋ, ಗೊತ್ತಾಗ್ತದೆ."

"ಈ ವಯಸ್ಸಲ್ಲಿ ಇಳೀಲಾ?"

"ನಿನಗಿಂತ ನಾಲ್ಕೇ ವರ್ಷಕ್ಕೆ ಚಿಕ್ಕೋಳು ನಾನು" ಎಂದು ನಕ್ಕಳು. "ಹೊಸದರ ಪಕ್ಕ ನಿಂತ್ರೆ ಸೊಂಟಕ್ಕೆ ಬಿಸಿನೀರು ಹೊಯ್ದ ಹಾಗೆ. ಒಳಗೆ ಕೊಳೀತಾ ಇದೆಯಲ್ಲ, ಕಾಯ್ತದೆ. ಕರೀದರ ಪಕ್ಕಕ್ಕೆ ನಾಲ್ಕು ಹೆಜ್ಜೆ ಇಟ್ರೆ ಸಾಕು, ತಣ್ಣಗೆ. ಮಧ್ಯಾಹ್ನ ಸುಸ್ತಾದಾಗ ನಾನು ಅಲ್ಲೇ ನಿಲ್ಲೋದು."

ಇಷ್ಟು ಹೇಳಿ ಮತ್ತೆ ಬಗ್ಗಿದಳು.

ಸೋರೆಗೆ ಧಾಪ ಹದವಾಗಿದೆಯೇ ಎಂದು ನೋಡಲು ನಮ್ಮಲ್ಲಿ ಬಿದಿರಿನ ಸೀಳು ಚುಚ್ಚುವ ಪದ್ಧತಿ ಇದೆ. ಮೊಳಕೈ ಉದ್ದದ ಸೀಳನ್ನು ಪೂರ್ತಿ ಒಳಗೆ ತಳ್ಳಿ, ಎಲೆಯಡಿಕೆ ಒಂದು ಸಲ ಅಗಿದು ಮುಗಿಯುವಷ್ಟು ಹೊತ್ತು ಬಿಟ್ಟು, ಎಳೆದು ಕೆನ್ನೆಗೆ ಒತ್ತಬೇಕು. ಬೆಚ್ಚಗಿದ್ದರೆ ಸೋರೆ ಇಡಬಹುದು. ಕೋಸಿಗೆ ಯಾರೂ ಹಾಗೆ ನೋಡಿದ್ದಿಲ್ಲ. ಹಾತೆಮ್‌ನಿಂದ ಸೀಳು ಇಸಿದುಕೊಂಡು ಹೊಸ ಧಾಪಕ್ಕೆ ಚುಚ್ಚಿದೆ. ಕೆನ್ನೆಗೆ ಒತ್ತಿದಾಗ, ಈಗಷ್ಟೇ ಗಂಜಿ ಬಸಿದ ಅನ್ನದ ಮಡಕೆಗೆ ಮುಖ ಕೊಟ್ಟ ಹಾಗಾಯಿತು. ಕರಿ ಧಾಪದ್ದು ಗೋಡೆ ನೆರಳಿನಲ್ಲಿಟ್ಟ ನೀರಿನ ಹೂಜಿಯ ಹಾಗಿತ್ತು.

"ಹಾತೆಮ್, ಈ ಶುಕ್ರವಾರ ಅಲ್ಲ, ಮುಂದಿನ ಶುಕ್ರವಾರ ಕೈ ನೋಡ್ತೀನಿ."

"ಯಾಕೆ?"

"ನೋಡ್ಬೇಕು. ಮನೇಲಿ ಎರಡೆಲೆ ಬಿಟ್ಟಿರೋ ಉಂಡೆ ಇನ್ನೂ ಇವೆ. ಕೊಹಿನೂರಳದ್ದು ನೂರು ಕರೀದಕ್ಕೆ ಹಾಕು. ಸಖಿನಾದು ನೂರು ಹೊಸದಕ್ಕೆ ಹಾಕು. ಬಿದ್ದವನ್ನೆಲ್ಲ ಮೊದಲು ಕಿತ್ತು ದೂರ ಎಸಿ, ಜಾಗ ಕೆರೆದು ಶುದ್ಧ ಮಾಡು."

"ಸಖಿನಾ ಬಾಯಿಗೆ ಯಾರು ಉತ್ತರ ಹೇಳೋದು?"

"ನಾನಿದೀನಲ್ಲ."

ಸಖಿನಾ ಅಂದದ್ದನ್ನು ಇಲ್ಲಿ ಹೇಳುವುದಿಲ್ಲ. ನೂರು ಉಂಡೆ ಕೊಟ್ಟಳು, ಒಂದೊಂದನ್ನೂ ನನ್ನ ಕಣ್ಣಿನ ಮುಂದೆ ತಿರುಗಿಸಿ ತೋರಿಸಿ ಕೊಟ್ಟಳು. "ಇದು ನಿಂತ ದಿನ ನೀನು ನಂಗೆ ಹೊಸ ಸೀರೆ ಉಡಿಸ್ಬೇಕು ನಾನಿ" ಎಂದಳು.

ಆ ಎಂಟು ದಿನ ಕೊಹಿನೂರ್ ಜಗಲಿ ಹತ್ತಲಿಲ್ಲ. ಹತ್ತಬೇಡ ಎಂದು ನಾನು ಹೇಳಿರಲಿಲ್ಲ. ಜಗಲಿಯ ಹಿಂದಿನ ನನ್ನ ಅಡುಗೆಮನೆಯಲ್ಲಿ ಮೀನು ಕೊಯ್ದು ಕೊಡುತ್ತಿದ್ದಳು. ಅಲ್ಲಿಂದ ನಮ್ಮ ಮಾತು ಕೇಳಿಸುತ್ತದೆ. ಹೆಂಗಸರು ಅವಳ ವಿಷಯ ಬಂದಾಗ ದನಿ ತಗ್ಗಿಸುತ್ತಿದ್ದರು, ಕೇಳಿಸುವಷ್ಟೇ ತಗ್ಗಿಸುತ್ತಿದ್ದರು. ಮೋಮೆನಾ ಒಂದು ದಿನ, "ಅವಳು ಹಿಟ್ಟು ಕಲಸಿದ ರೊಟ್ಟಿ ಬೇಯಿಸೋದೇ ಬೇಡ ಬಿಡು, ಕೈಯಲ್ಲೇ ಬೆಂದಿರ್ತದೆ" ಎಂದಳು. ಎಲ್ಲರೂ ನಕ್ಕರು. ಅಡುಗೆಮನೆಯಲ್ಲಿ ಕತ್ತಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ನನಗೆ ಆ ದಿನಗಳಲ್ಲಿ ಫುಲಜಾನಳ ಮಾಘ ನೆನಪಿಗೆ ಬರುತ್ತಿತ್ತು. ನನ್ನ ಅತ್ತೆ ತೀರಿಕೊಂಡು ಜಗಲಿ ನನ್ನ ಕೈಗೆ ಬಂದ ಮೊದಲ ವರ್ಷ. ನನಗೆ ಮೂವತ್ತೆರಡು, ಅವಳಿಗೆ ಇಪ್ಪತ್ತೆಂಟು. ಸೋರೆಯ ಉಂಡೆಗಳು. ಬೆಳಿಗ್ಗೆ ಹತ್ತು ಗಂಟೆಯಾದರೂ ಮಂಜು ಬಿಡದ ಮಾಘ. ಅವಳು ಕಟ್ಟಿದ್ದೆಲ್ಲ ಬಿತ್ತು. ಆ ವರ್ಷ ಅವಳ ಉಂಡೆಗಳು ಇದ್ದದ್ದು ದೊಡ್ಡ ಮರದ ನೆರಳಿನ ಹಳೆ ಧಾಪದಲ್ಲಿ. ಉಳಿದವರದು ಬಿಸಿಲಿನಲ್ಲಿತ್ತು. ಅದನ್ನು ನಾನು ಆಗಲೂ ಕಂಡಿದ್ದೆ. ಕಂಡದ್ದಕ್ಕೆ ಏನರ್ಥ ಎಂದು ಯೋಚಿಸಲಿಲ್ಲ.

ಶುಕ್ರವಾರ ಎಲ್ಲರ ಎದುರು ಅವಳ ಕೈ ಹಿಡಿದೆ. ಬಾವಿಯ ಹಗ್ಗದ ಹಾಗೆ ತಣ್ಣಗಿತ್ತು. ಉಗುರೆಲ್ಲ ನೀಲಿ. ಹನ್ನೊಂದು ಜನ ನನ್ನ ಬಾಯಿ ನೋಡುತ್ತಿದ್ದರು. ಜಗಲಿಗೆ ಹೊಸಬಳು ನಾನು, ಏನೂ ತಿಳಿಯದವಳು ಎನ್ನುತ್ತಾರೆಂದು ಹೆದರಿಕೆ. ಬಿಸಿ ಎಂದೆ. ಒಬ್ಬ ಮುದುಕಿ, "ಶಾಖ ಚರ್ಮದಲ್ಲಿ ಇರೋದಿಲ್ಲ, ಒಳಗಿರ್ತದೆ" ಎಂದು ನನ್ನ ಮಾತಿಗೆ ಒತ್ತು ಕೊಟ್ಟಳು. ಫುಲಜಾನ್ ಕೈ ಬಿಡಿಸಿಕೊಂಡು, ಸೆರಗು ಸಿಕ್ಕಿಸಿ, ಮೆಟ್ಟಿಲಿಳಿದು ಹೋದಳು.

ಆರನೇ ದಿನ ಹಾತೆಮ್ ಬಂದ. ಜಗಲಿಯ ಕಂಬಕ್ಕೆ ಒರಗಿ ಸಖಿನಾಳ ಕಡೆ ನೋಡದೆ ಹೇಳಿದ.

"ಹೊಸದರ ಮೇಲೆ ಹಾಕಿದ ನೂರರಲ್ಲಿ ಎಂಬತ್ತೋ ಎಂಬತ್ತೈದೋ ಹೋಗಿವೆ. ಕರೀದರ ಮೇಲಿನವು ನಿಂತಿವೆ. ಏಳೆಂಟು ಬಿದ್ದಿವೆ, ಅಷ್ಟು ಯಾವಾಗ್ಲೂ ಬೀಳ್ತವೆ."

ಸಖಿನಾ ಕಟ್ಟುತ್ತಿದ್ದ ಉಂಡೆಯನ್ನು ಕೆಳಗಿಟ್ಟಳು. "ನೀನು ಬದಲಾಯಿಸಿ ಹಾಕಿರ್ತೀಯ."

"ನಾರು ನಿಂದೇ ಅಲ್ವಾ ಖಾಲಾ, ಹೋಗಿ ತಡವಿ ನೋಡು."

"ಹಾಗಾದ್ರೆ ನಂದೂ ಬಿಸಿ ಕೈ ಅಂತೀರಾ?"

ಸಖಿನಾ ತನ್ನ ಅಂಗೈಗಳನ್ನು ತಾನೇ ನೋಡಿಕೊಂಡಳು. ಎಷ್ಟು ಬೇಗ ಹೆದರಿಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ ಎಂದು ನಾನು ಅಂದುಕೊಂಡೆ.

"ಇನ್ನೆರಡು ದಿನ ಇದೆ" ಎಂದೆ ನಾನು.

ಆ ಎರಡು ದಿನದಲ್ಲಿ ನಾನು ಒಂದು ವಿಷಯ ತೂಗಿ ನೋಡಿದೆ. ಕೊಹಿನೂರಳನ್ನು ಬಿಡಿಸುವುದು ಸುಲಭವಿತ್ತು. ಕೈ ಹಿಡಿದು ತಂಪು ಎಂದರೆ ಮುಗಿಯಿತು. ಆದರೆ ಹಾಗಂದರೆ ಬಿಸಿ ಕೈ ಎನ್ನುವುದು ಎಲ್ಲೋ ಇದೆ, ಇವಳದಲ್ಲ ಅಷ್ಟೆ ಎಂದಾಗುತ್ತದೆ. ಆಗ ಅದು ಸಖಿನಾಳ ಮೇಲೆ ಕೂರುತ್ತದೆ, ಇಲ್ಲವೆ ಮುಂದಿನ ವರ್ಷ ಮೋಮೆನಾಳ ಮೇಲೆ. ಅಂಥದ್ದೇ ಇಲ್ಲ ಎನ್ನಬೇಕಾದರೆ ಮೂವತ್ತೆಂಟು ವರ್ಷದ ಹಿಂದಿನದನ್ನೂ ಹೇಳಬೇಕಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಹನ್ನೆರಡು ಜನರೂ ಬಂದರು. ಹಾತೆಮ್ ಅಂಗಳದಲ್ಲಿ ನಿಂತ. ಕೊಹಿನೂರ್ ಮೆಟ್ಟಿಲು ಹತ್ತಿ ನನ್ನ ಮುಂದೆ ಕೂತು ಎರಡೂ ಕೈ ಚಾಚಿದಳು. ಹಿಡಿದೆ. ಒಲೆಯ ಮುಂದಿನಿಂದ ಎದ್ದು ಬಂದಿದ್ದಳು, ಅಂಗೈ ಬೆವತು ಕೆಂಡದ ಹಾಗಿತ್ತು.

"ಬಿಸಿ" ಎಂದೆ.

ಅವಳು ಕಣ್ಣು ಮುಚ್ಚಿದಳು. ನಾನು ಕೈ ಬಿಡಲಿಲ್ಲ.

"ಸಖಿನಾ, ನಿಂದೂ ಕೊಡು. ನೋಡಿ, ಇವಳದೂ ಬಿಸಿ. ಮೋಮೆನಾ, ಬಾ. ನಿಂದೂ ಬಿಸಿ. ಭಾದ್ರದಲ್ಲಿ ಬದುಕಿರೋರ ಕೈಯೆಲ್ಲ ಬಿಸಿಯೇ ಇರ್ತದೆ. ಕೋಸು ಬಿದ್ದಿದ್ದು ಧಾಪದ ಕಾವಿಗೆ. ಕೋಸು ಚಳಿಯ ಕೂಸು. ಸೆಕೆಯಲ್ಲಿ ಅದು ಬಳಲ್ತದೆ, ಬಳಲಿದ್ದನ್ನ ಕೊಳೆ ಹಿಡೀತದೆ. ಸೋರೆ ಸೆಕೆಯ ಕೂಸು. ಅದೇ ಧಾಪದಲ್ಲಿ ಅದು ನಗ್ತಾ ನಿಲ್ತದೆ. ಹಾತೆಮ್ ಸೋರೆಗೆ ಮಾಡೋ ಮದ್ದನ್ನ ಕೋಸಿಗೆ ಮಾಡಿದ. ಮೊದಲೇ ಬೇಯ್ತಾ ಇರೋದನ್ನ ಬಿಸಿಲಿಗೆ ಎಳೆದು ಕಂಬಳಿ ಹೊದಿಸ್ದ."

"ಅಪ್ಪ ಮಾಡ್ತಿದ್ದ ಹಾಗೆ..." ಎಂದ ಹಾತೆಮ್.

"ನಿನ್ನಪ್ಪ ಮಾಘದಲ್ಲಿ ಮಾಡ್ತಿದ್ದ ಕಣೋ."

"ಹಾಗಾದ್ರೆ ಬಿಸಿ ಕೈ ಅನ್ನೋದು?" ಎಂದಳು ಮೋಮೆನಾ. "ಫುಲಜಾನಳದ್ದು ಬಿಸಿ ಅಂತ ನೀವೇ ಅಂದಿದ್ರಂತಲ್ಲ ನಾನಿ? ನಮ್ಮತ್ತೆ ಹೇಳ್ತಿದ್ರು."

ಜಗಲಿಯ ಕೆಳಗೆ ಫುಲಜಾನಳ ದೋಣಿ ಆಗ ತಾನೆ ಬಂದು ನಿಂತಿತ್ತು. ಪಾಚಿಯ ಬುಟ್ಟಿಗಳನ್ನು ಇಳಿಸುತ್ತಿದ್ದಳು. ನಾನು ಎದ್ದು ಅಂಚಿಗೆ ಬಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

"ಫುಲಜಾನ್, ಅವತ್ತು ನಿನ್ನ ಕೈ ತಣ್ಣಗಿತ್ತು. ನಾನು ಬಿಸಿ ಅಂದೆ. ಸುಳ್ಳು ಹೇಳ್ದೆ."

ಅವಳು ತಲೆ ಎತ್ತಲಿಲ್ಲ. "ಮೊದಲು ಈ ಬುಟ್ಟಿ ಹಿಡಿ" ಎಂದಳು.

ಎರಡು ಮೆಟ್ಟಿಲು ಇಳಿದೆ. ನೀರು ಪಾದ ಮುಚ್ಚಿತು. ಬುಟ್ಟಿ ಹಿಡಿದೆ. ಒದ್ದೆ ಪಾಚಿಯ ಬುಟ್ಟಿ ಎಷ್ಟು ಭಾರ ಎಂದು ನನಗೆ ತಿಳಿದಿರಲಿಲ್ಲ.

"ಚಳಿಗೆ ಬಿದ್ದಿದ್ದು ಅಂತ ನಂಗೆ ಆ ಮಾಘದಲ್ಲೇ ಗೊತ್ತಾಯ್ತು" ಎಂದಳು. "ನೀರಿಗಿಳಿದ ಮೊದಲ ದಿನವೇ. ಮರದ ಕೆಳಗಿನ ಧಾಪದ ಹತ್ತಿರ ಕಾಲು ಮರಗಟ್ಟಿತು. ಬಿಸಿಲಲ್ಲಿದ್ದ ಧಾಪದ ಹತ್ತಿರ ಪರವಾಗಿರಲಿಲ್ಲ. ಸೋರೆ ಅಲ್ಲಿ ಹೇಗೆ ನಿಲ್ತದೆ?"

"ಬಂದು ಹೇಳ್ಬಾರ್ದಿತ್ತಾ?"

"ಬಿಸಿ ಕೈಯವಳ ಮಾತು ಯಾರು ಕೇಳ್ತಿದ್ರು ಬುಬು? ನೀನು ಕೇಳ್ತಿದ್ದೆಯಾ?"

ಇಲ್ಲ ಎಂದೆ.

"ಚಳಿಗೆ ಹೆಸರಿಟ್ಟಿದ್ರೆ ಸಾಕಿತ್ತು. ನನಗೆ ಇಟ್ರಿ." ಎರಡನೇ ಬುಟ್ಟಿ ಕೊಟ್ಟಳು. ಸಿಟ್ಟಿನಿಂದ ಹೇಳಿದ್ದಲ್ಲ. ದೋಣಿ ಸೋರುತ್ತಿದೆ ಎಂದು ಹೇಳುವ ಹಾಗೆ ಹೇಳಿದಳು.

"ಮೇಲೆ ಬಾ. ಕೂತ್ಕೋ. ಇವತ್ತಿಂದ ನಿನ್ನ ಜಾಗ ಇಲ್ಲಿ."

ಹೆಂಗಸರು ಸರಿದು ಜಾಗ ಮಾಡಿದರು. ಅವಳು ಮೆಟ್ಟಿಲಿನ ಮೇಲೆ ನಿಂತು ಒಂದು ಉಂಡೆ ಎತ್ತಿಕೊಂಡು ನಾರು ಸುತ್ತಲು ನೋಡಿದಳು. ಬೆರಳು ಮಡಚಲಿಲ್ಲ. ತುದಿಗಳು ಬಿಳಿಯಾಗಿ, ಸುಕ್ಕಾಗಿ, ಗಂಟುಗಟ್ಟಿದ್ದವು. ಉಂಡೆ ಬಿಚ್ಚಿಕೊಂಡಿತು. ಕೊಹಿನೂರ್ ಅದನ್ನು ತೆಗೆದುಕೊಂಡು ಕಟ್ಟಿ ಪಕ್ಕಕ್ಕಿಟ್ಟಳು.

"ನಂಗೆ ನೀರೇ ಸರಿ" ಎಂದಳು ಫುಲಜಾನ್. "ಇಲ್ಲಿ ಕೂತ್ರೆ ಎದ್ದೇಳೋಕೆ ಇಬ್ಬರು ಬೇಕು." ದೋಣಿಗೆ ಕಾಲಿಡುವ ಮೊದಲು ಹಾತೆಮ್‌ನತ್ತ ತಿರುಗಿದಳು. "ಆ ಹೊಸದನ್ನ ಮರದ ನೆರಳಿಗೆ ತಳ್ಳೋ ಮೊಲ್ಲಾ. ಕೋಸನ್ನ ಕರೀದಕ್ಕೇ ಹಾಕು. ಹೊಸದು ಆರೋವರೆಗೂ ಸೌತೆ, ಸೋರೆ ಏನಾದ್ರೂ ಹಾಕ್ಕೋ."

"ಯಾವಾಗ ಆರ್ತದೆ?"

"ನನ್ನ ಸೊಂಟ ಹೇಳ್ತದೆ."

ಮೊದಲ ಸಲ ಹೆಂಗಸರು ಅವಳ ಮಾತಿಗೆ ನಕ್ಕರು.

ಆ ವರ್ಷ ಕೋಸಿನ ಸಸಿ ತಡವಾಗಿ, ಆಶ್ವಿನದ ಕೊನೆಗೆ ಸಂತೆಗೆ ಹೋಯಿತು. ದೋಣಿಯವರು ತಡವಾಯಿತೆಂದು ಗೊಣಗಿದರು, ಕೊಂಡರು. ಕೊಹಿನೂರ್ ತನ್ನ ಜಾಗದಲ್ಲಿ, ಸಖಿನಾಳ ಪಕ್ಕದಲ್ಲೇ ಕೂರುತ್ತಾಳೆ. ಅತ್ತೆ ಸೊಸೆ ಈಗಲೂ ಕಿತ್ತಾಡುತ್ತಾರೆ, ಬೇರೆ ವಿಷಯಕ್ಕೆ. ದೋಣಿ ತುಂಬುವ ದಿನ ಬೆಳಿಗ್ಗೆ ಕೊಹಿನೂರ್ ಜಗಲಿಯ ಅಂಚಿಗೆ ಬಂದು ನೀರಿನ ಕಡೆ ಕೂಗುತ್ತಾಳೆ.

"ಫುಲಜಾನ್ ನಾನಿ, ಇವತ್ತು ಯಾವುದಕ್ಕೆ?"

ಮಂಜಿನೊಳಗಿಂದ ಉತ್ತರ ಬರುತ್ತದೆ. ಮಾಘದಲ್ಲಿ, "ಸೋರೆ ಬಿಸಿಲಿನದಕ್ಕೆ, ಮರದ ಕೆಳಗಿನದಕ್ಕೆ ಬೇಡ" ಎಂದು ಬಂತು. ಹಾಗೇ ಹಾಕಿದರು. ಸೋರೆ ನಿಂತಿತು.

ಬಿದಿರಿನ ಸೀಳು ನನ್ನ ದಿಂಬಿನ ಕೆಳಗಿದೆ. ಬಳಸುವುದು ಕಡಿಮೆ. ಅಂದಿನಿಂದ ಜಗಲಿಯಲ್ಲಿ ಯಾರೂ ನನ್ನ ಮುಂದೆ ಕೈ ಚಾಚಿಲ್ಲ.